ಆಯಿ ಅಂದರೆ ಯಾರು

ಬಾಗಿಲು ತೆರೆಯಬೇಕೋ ಬೇಡವೋ ಎಂಬಲ್ಲಿ ಕತೆ ನಿಂತುಹೋಗಿತ್ತು. ಕತೆಯ ಹೆಂಗಸು ಒಳಗಿದ್ದಾಳೆ, ಹೊರಗೆ ಅವಳ ಮಗು ಬಾಗಿಲು ಬಡಿಯುತ್ತಿದೆ. ಸಪನಾ ಮೊದಲು ಬಾಗಿಲು ತೆರೆಸಿ ಬರೆದು ನೋಡಿದ್ದಳು; ಓದಿದರೆ ಮಹಿಳಾ ಪುರವಣಿಯ ಹಿತವಚನದಂತಿತ್ತು. ಆಮೇಲೆ ತೆರೆಸದೆ ಬರೆದಳು. ಯಾರೋ ನೋಡುತ್ತಿದ್ದಾರೆಂದು ಬೇಕೆಂದೇ ಕಟುವಾದ ಹಾಗಿತ್ತು. ಎರಡನ್ನೂ ಹೊಡೆದುಹಾಕಿದ ಮೇಲೆ ಹಾಳೆಯ ಮೇಲೆ ಉಳಿದದ್ದು ಬಡಿಯುವ ಸದ್ದು ಮಾತ್ರ. ವಾರಪತ್ರಿಕೆಯ ಸಂಪಾದಕರು ಫೋನಿನಲ್ಲಿ, 'ತಾಯ್ತನದ ಮೇಲೆ ಇರಲಿ ಮೇಡಂ, ಹೃದಯಕ್ಕೆ ತಟ್ಟುವಂತಿರಲಿ' ಎಂದಿದ್ದರು. ಹೋದ ಸಲ ಅವರೇ ಅವಳ ಹೆಸರನ್ನು ಅಚ್ಚಿನ ತಪ್ಪೆಂದು ತಿಳಿದು 'ಸ್ವಪ್ನಾ' ಎಂದು ತಿದ್ದಿ ಹಾಕಿದ್ದರು. ಕಾಗವಾಡದ ಕಡೆ ಸಪನಾ ಎಂಬುದು ತಪ್ಪಲ್ಲ, ಹೆಸರೇ ಹಾಗೆ, ಎಂದು ಅವಳು ಹೇಳಬಹುದಿತ್ತು. ಹೇಳಿರಲಿಲ್ಲ. ಆ ಕತೆಗೆ ಬಂದ ಮೆಚ್ಚುಗೆಯ ಮಾತುಗಳೆಲ್ಲ ಸ್ವಪ್ನಾ ಎಂಬ ಇನ್ಯಾರಿಗೋ ಸಂದವು ಎನಿಸಿ, ಒಂದು ಬಗೆಯಲ್ಲಿ ಹಗುರಾಗಿತ್ತು ಕೂಡ.

ಅವಳು ಕೂತಿದ್ದದ್ದು ದ್ರಾಕ್ಷಿ ಒಣಗಿಸುವ ಮಣೂಕದ ಶೆಡ್ಡಿನ ಮೂಲೆಯ ತಗಡಿನ ಖೋಲಿಯಲ್ಲಿ. ಮಳೆಗಾಲದಿಂದ ಶಿವರಾತ್ರಿಯವರೆಗೆ ಶೆಡ್ಡು ಖಾಲಿ ಬಿದ್ದಿರುತ್ತದೆ. ಆಗ ಖಾಲಿ ಕ್ರೇಟುಗಳನ್ನು ಒತ್ತರಿಸಿ ಒಂದು ಮೇಜು, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡರೆ ಕೇಳುವವರಿಲ್ಲ. ಶೆಡ್ಡಿನ ಸುತ್ತ ಇಳಿಬಿಟ್ಟ ಹಸಿರು ಬಲೆಯಿಂದ ಸೋಸಿ ಬರುವ ಬೆಳಕಿನಲ್ಲಿ ಹಾಳೆಯೂ ಹಸಿರು, ಬೆರಳೂ ಹಸಿರು, ನೀರಿನ ತಳದಲ್ಲಿ ಕೂತ ಹಾಗೆ. ಮಾರ್ಚ್ ಬಂತೆಂದರೆ ಈ ಏಕಾಂತ ಮುಗಿಯಿತು. ದ್ರಾಕ್ಷಿ ಕೊಯ್ದು, ಎಣ್ಣೆ ಮತ್ತು ಪೊಟ್ಯಾಶಿನ ನೀರಿನಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಕಾಯಿ ಒಣಗಿ ಮಣೂಕವಾಗುವವರೆಗೆ ಹೆಂಗಸರು ಓಡಾಡುತ್ತಲೇ ಇರುತ್ತಾರೆ. ಈ ಸಲವೂ ಮೇಜು ತೆಗೆಯಲು ಗಂಡ ಶಿವರಾಜ ಹೇಳಿದ್ದ. 'ಇವತ್ತ ತಗೀತೀನಿ' ಎನ್ನುತ್ತಲೇ ಅವಳು ಕ್ರೇಟುಗಳ ನಡುವೆ ಇನ್ನಷ್ಟು ಒಳಗೆ ಸರಿದು ಕೂತಿದ್ದಳು. ಕೊಕಟನೂರ ಕಡೆಯಿಂದ ಕೆಲಸಕ್ಕೆ ಬರುವ ಸತ್ತೆವ್ವ ಬುಟ್ಟಿ ಹೊತ್ತು ಹಾದುಹೋಗುವಾಗ ಇಣುಕಿ, 'ಅಕ್ಕಾರ, ಇಲ್ಲೇ ಕುಂತರ ನೀವೂ ಒಣಗತೀರಿ ನೋಡ್ರಿ. ಆಮ್ಯಾಲ ನಿಮ್ಮನ್ನೂ ಬಾಕ್ಸಿನ್ಯಾಗ ತುಂಬಿ ಸಾಂಗ್ಲಿಗೆ ಕಳಸ್ತಾರ' ಎಂದಳು. ಹಿಂದೆ ಬರುತ್ತಿದ್ದವರು ನಕ್ಕರು. ಸಪನಾಳೂ ನಕ್ಕಳು. ನಕ್ಕ ಮೇಲೆ, ಕೆಲಸ ಮಾಡುವವರ ನಡುವೆ ಕೆಲಸ ಮಾಡದೆ ಕೂತವಳಂತೆ ಕಾಣುತ್ತಿದ್ದೇನೆ ಎಂಬುದು ಮೈಗೆ ಮುಳ್ಳಿನ ಹಾಗೆ ಹತ್ತಿತು. ತಾನೂ ಕೆಲಸವನ್ನೇ ಮಾಡುತ್ತಿದ್ದೇನೆಂದು ಯಾರಿಗಾದರೂ ಹೇಳುವುದು ಹೇಗೆ? ಬುಟ್ಟಿಯಿಲ್ಲ, ಬೆವರಿಲ್ಲ, ಬೆಳಗಿನಿಂದ ಹಾಳೆಯಲ್ಲಿ ಒಂದು ಸಾಲು ಕೂಡಿಲ್ಲ, ಎರಡು ಸಾಲು ಕಡಿಮೆಯಾಗಿವೆ.

'ಮಮ್ಮೀ.'

ಬಲೆಯ ಆಚೆ ಪ್ರಾಜಕ್ತಾ ನಿಂತಿದ್ದಳು. ಶಾಲೆಯ ಸಮವಸ್ತ್ರ, ಎರಡು ಜಡೆ, ಜಡೆಗೆ ಬಿಳಿ ರಿಬ್ಬನ್ನು. ಮೂರನೆಯ ಇಯತ್ತೆ. ಜಡೆ ಹೆಣೆದದ್ದು ಅತ್ತೆ ಗಿರಿಜವ್ವ. ಬೈತಲೆ ಯಾವಾಗಲೂ ದಾರ ಹಿಡಿದು ಎಳೆದಷ್ಟು ನೇರ.

'ಮಮ್ಮಿ, ಭಾಷಣ ಹೇಳತೀನಿ. ಕೇಳತಿ?'

'ಒಂದ ನಿಮಿಷ ಪ್ರಾಜು,' ಎಂದಳು ಸಪನಾ, ತಲೆ ಎತ್ತದೆ. ಬಡಿಯುವ ಸದ್ದಿಗೆ ಒಂದು ಮಾತು ಆಗ ತಾನೇ ಹೊಳೆಯುವಂತಿತ್ತು. ಬೆರಳಿನ ಸದ್ದೋ, ಬಳೆಯ ಸದ್ದೋ? ಬಳೆಯಾದರೆ ಮಗು ಹೆಣ್ಣಾಗುತ್ತದೆ, ಹೆಣ್ಣಾದರೆ ಓದುವವರು ಇದು ಅವಳ ಮನೆಯದೇ ಕತೆ ಎನ್ನುತ್ತಾರೆ. ಬೆರಳೇ ಇರಲಿ. ಬೆರಳಾದರೆ ಮರದ ಬಾಗಿಲು ಬೇಕು. ತಲೆ ಎತ್ತಿದಾಗ ಬಲೆಯ ಆಚೆ ಯಾರೂ ಇರಲಿಲ್ಲ. ರಸ್ತೆಯಲ್ಲಿ ಶಾಲೆಯ ವ್ಯಾನು ಹಾರ್ನ್ ಹಾಕಿ ಹೊರಡುತ್ತಿತ್ತು.

ಇವತ್ತು ಆ ಶಾಲೆಯಲ್ಲೇ ಮಹಿಳಾ ದಿನದ ಕಾರ್ಯಕ್ರಮ. ಅವಳೇ ಮುಖ್ಯ ಅತಿಥಿ. ಮಗಳ ಭಾಷಣವೂ ಅಲ್ಲೇ. ಅಲ್ಲಿ ಕೇಳುತ್ತೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆ ಸಮಾಧಾನ ಎಷ್ಟು ಬೇಗ ಒದಗಿ ಬಂತು ಎಂಬುದೇ ಅವಳಿಗೆ ಹಿಡಿಸಲಿಲ್ಲ. ಇಂಥ ಸಮಾಧಾನಗಳು ಅವಳಲ್ಲಿ ಯಾವಾಗಲೂ ತಯಾರಿರುತ್ತವೆ, ಮುಂದಿನ ಅಂಗಳಕ್ಕೆ ಬಂದವರಿಗೆ ಚಹಾ ತಯಾರಿರುವ ಹಾಗೆ.

ಶಾಲೆ ಇದ್ದದ್ದು ಗಡಿಯ ಆಚೆ. ಕಾಗವಾಡದ ನಾಕಾ ದಾಟಿದರೆ ಮಹಾರಾಷ್ಟ್ರ, ಅಲ್ಲಿಂದ ಮಿರಜಿನ ದಾರಿಯಲ್ಲಿ ಸ್ವಲ್ಪ ಹೋದರೆ ಶಾಲೆ. ಇಂಗ್ಲಿಷ್ ಮಾಧ್ಯಮ, ಮರಾಠಿ ಕಡ್ಡಾಯ. ಕನ್ನಡ ಇಲ್ಲ. ತೋಟದ ಸುತ್ತಲಿನ ಹುಡುಗರೆಲ್ಲ ಅಲ್ಲಿಗೇ ಹೋಗುತ್ತಾರೆ, ವ್ಯಾನು ಬಾಗಿಲಿಗೇ ಬರುತ್ತದೆ ಎಂದು ಶಿವರಾಜ ಹೇಳಿದಾಗ ಸಪನಾ ಹೆಚ್ಚು ವಾದ ಮಾಡಿರಲಿಲ್ಲ. ಕನ್ನಡದಲ್ಲಿ ಬರೆಯುವವಳ ಮಗಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಒಮ್ಮೆ ಅಥಣಿಯ ಸಭೆಯಲ್ಲಿ ಯಾರೋ ಚುಚ್ಚಿದಾಗ ಅವಳು ಗಡಿಯ ಕಷ್ಟಗಳ ಬಗ್ಗೆ ಚೆಂದದ ಉತ್ತರ ಕೊಟ್ಟಿದ್ದಳು. ಉತ್ತರದಲ್ಲಿ ಹೇಳದೆ ಉಳಿದದ್ದು ಬೇರೆ. ಮಗಳು ಓದಲಾರಳು ಎಂಬ ಧೈರ್ಯದಲ್ಲೇ ಅವಳು ಮಗಳ ಬಗ್ಗೆ ಬರೆದಿದ್ದಳು. ಶಾಲೆಗೆ ಹೋಗತೊಡಗಿದ ಮೇಲೂ ಹುಡುಗಿ ಹಾಸಿಗೆ ಒದ್ದೆ ಮಾಡುತ್ತಿದ್ದದ್ದು, ಒದ್ದೆ ದುಪ್ಪಟಿಯನ್ನು ಯಾರಿಗೂ ಹೇಳದೆ ತಾನೇ ಮಡಚಿ ದ್ರಾಕ್ಷಿಯ ಕ್ರೇಟಿನೊಳಗೆ ಅಡಗಿಸಿ ಇಟ್ಟದ್ದು. ಆ ಕ್ರೇಟಿನ ವಿವರವನ್ನೇ ಎಲ್ಲರೂ ಮೆಚ್ಚಿದರು. ಪತ್ರಿಕೆ ಬಂದ ದಿನ ಪ್ರಾಜಕ್ತಾ ಅದನ್ನು ತಿರುವಿ, ತಾಯಿಯ ಫೋಟೋ ನೋಡಿ, 'ಇದರಾಗ ಏನ್ ಬರದಿ?' ಎಂದು ಕೇಳಿದ್ದಳು. 'ಒಂದ ಹುಡಿಗಿ ಕತಿ' ಎಂದಿದ್ದಳು ಸಪನಾ. 'ಚಲೋ ಹುಡಿಗಿನ?' 'ಭಾಳ ಚಲೋ ಹುಡಿಗಿ.'

ಸಪನಾ ಸ್ಕೂಟಿ ಹತ್ತುವ ಹೊತ್ತಿಗೆ ಗಿರಿಜವ್ವ ಕಟ್ಟೆಯ ಮೇಲೆ ಕೂತು ಹಲ್ಲಿಗೆ ಮಶೇರಿ ತಿಕ್ಕುತ್ತಿದ್ದಳು. ಅವಳ ತವರು ನಿಪ್ಪಾಣಿಯ ಕಡೆ. ಅಲ್ಲಿಂದ ಬಂದ ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿಮಾಡಿ ಚಪ್ಪಟೆ ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುತ್ತಾಳೆ. ಹಲ್ಲು ಗಟ್ಟಿಯಾಗುತ್ತವೆ ಎಂಬುದು ನೆಪ. ಅದಿಲ್ಲದೆ ಬೆಳಗು ಬೆಳಗೇ ಅಲ್ಲ ಎಂಬುದು ನಿಜ. ಸೊಸೆ ಉಟ್ಟ ರೇಷ್ಮೆ ಸೀರೆಯನ್ನು ಮೇಲಿನಿಂದ ಕೆಳಗೆ ನೋಡಿ, ತುಪ್ಪಿ, 'ಸೆರಗಿಗೆ ಪಿನ್ನ ಹಚ್ಚೀ? ಗಾಡಿ ಮ್ಯಾಲ ಹಾರತೈತಿ' ಎಂದಳು. ಅಷ್ಟೇ. ಏನು ಭಾಷಣ, ಎಲ್ಲಿ, ಯಾಕೆ ಎಂದು ಕೇಳಲಿಲ್ಲ. ಶಿವರಾಜ ಟ್ರ್ಯಾಕ್ಟರಿನ ಪಕ್ಕದಿಂದ, 'ವೈನಿ, ನಟ್ಟ ಬಿಚ್ಚೂ ಪಾನಾ ಎಲ್ಲಿ ಇಟ್ಟೀರಿ?' ಎಂದು ಕೂಗಿದ. ಅವನು ಹೆತ್ತ ತಾಯಿಯನ್ನು ವೈನಿ ಎಂದೇ ಕರೆಯುತ್ತಾನೆ. ಮದುವೆಯಾಗಿ ಬಂದ ಹೊಸತರಲ್ಲಿ ಸಪನಾ ಬೆಚ್ಚಿದ್ದಳು. ಅತ್ತಿಗೆಗೆ ಅನ್ನುವ ಮಾತನ್ನು ತಾಯಿಗೆ ಅನ್ನುವುದೇ? ಮನೆ ತುಂಬ ಇದ್ದ ಕಾಕಾಗಳು ಹಾಗೆ ಕರೆಯುತ್ತಿದ್ದರಂತೆ, ಕೂಸು ಕೇಳಿದ್ದನ್ನೇ ಕಲಿಯಿತಂತೆ. ಅವನು ಅವ್ವ ಎನ್ನುತ್ತಿದ್ದದ್ದು ಅಜ್ಜಿಗೆ. ಈಗ ಪ್ರಾಜಕ್ತಾಳಿಗೆ ಗಿರಿಜವ್ವ ಆಯಿ. ಈ ಸೀಮೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ಯಾವ ಮನೆಗೆ ಹೋದರೂ ಅಜ್ಜಿ ಆಯಿ, ಅಜ್ಜ ಮುತ್ಯಾ.

ಸಭೆಯಲ್ಲಿ ನೀರಿನ ಬಾಟಲಿ, ಗುಲಾಬಿ, ಶಾಲು. ಮುಖ್ಯಾಧ್ಯಾಪಕರು ಮರಾಠಿಯಲ್ಲಿ ಅವಳನ್ನು ಪರಿಚಯಿಸುತ್ತ, ಕನ್ನಡದ ಲೇಖಕಿ ಎಂದು ಒಂದು ಸಲ, ನಮ್ಮ ಪ್ರಾಜಕ್ತಾಳ ತಾಯಿ ಎಂದು ಮೂರು ಸಲ ಅಂದರು. ಏನು ಬರೆದಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಕೆಳಗೆ ಮಡಚುವ ಕುರ್ಚಿಗಳಲ್ಲಿ ತಾಯಂದಿರು ಕೂತಿದ್ದರು. ಶೇಡಬಾಳ, ಉಗಾರ, ಮೈಶಾಳದ ಹೆಂಗಸರು, ತಲೆಗೆ ಹೂವು, ಕೈಯಲ್ಲಿ ಫೋನು. ಅವರಲ್ಲಿ ಕೆಲವರು ತನ್ನನ್ನು ನೋಡುತ್ತಿದ್ದ ಬಗೆ ಸಪನಾಳಿಗೆ ಗೊತ್ತಿತ್ತು. ವ್ಯಾನಿನ ವಾಟ್ಸಾಪ್ ಗುಂಪಿನಲ್ಲಿ ಸದಾ ತಡವಾಗಿ ಉತ್ತರಿಸುವವಳು ಇವಳೇ. ಹಳೆಯ ಬಟ್ಟೆ ಹಾಕಿ ಕಳಿಸಿ ಎಂದಿದ್ದ ಬಣ್ಣದ ಸ್ಪರ್ಧೆಯ ದಿನ ಮಗಳನ್ನು ಬಿಳಿ ಅಂಗಿಯಲ್ಲಿ ಕಳಿಸಿದವಳೂ ಇವಳೇ. ಆ ದಿನ ಅವಳು ಒಂದು ಕತೆಯ ಕೊನೆಯ ಪುಟದಲ್ಲಿದ್ದಳು. ಕತೆ ಮುಗಿಯಿತು, ಚೆನ್ನಾಗಿಯೇ ಮುಗಿಯಿತು. ಮಗಳು ಸಂಜೆ ಬಂದು ಚೀಲ ಇಳಿಸಿದಳು. ಅಂಗಿಯ ಮೇಲೆ ಒಂದು ಹನಿ ಬಣ್ಣವೂ ಇರಲಿಲ್ಲ. ಇಡೀ ದಿನ ಅಂಗಿಯನ್ನು ಕಾಯ್ದುಕೊಂಡು ನಿಂತಿದ್ದಳೆಂದರೆ ಎಲ್ಲಿ ನಿಂತಿದ್ದಳು, ಯಾರ ಹಿಂದೆ, ಎಂಬುದನ್ನು ಕೇಳುವ ಧೈರ್ಯ ಇವಳಿಗೆ ಬರಲಿಲ್ಲ.

ಮೂರನೆಯ ಇಯತ್ತೆಯ ಮಕ್ಕಳ ಭಾಷಣ ಶುರುವಾಯಿತು. ವಿಷಯ 'ಮಾಝೀ ಆಯಿ', ನನ್ನ ತಾಯಿ. ಮರಾಠಿ ಶಾಲೆಗೆ ಹೋದ ಮಕ್ಕಳೆಲ್ಲ ಒಂದಲ್ಲ ಒಂದು ದಿನ ಹೇಳಲೇಬೇಕಾದ ಹತ್ತು ಸಾಲು. ಒಬ್ಬನ ಆಯಿ ದೇವರ ಇನ್ನೊಂದು ರೂಪ, ಮತ್ತೊಬ್ಬಳ ಆಯಿಯೂ ದೇವರ ಇನ್ನೊಂದು ರೂಪ. ತಾಯಂದಿರು ಫೋನು ಎತ್ತಿ ಹಿಡಿದರು, ಮಕ್ಕಳು ಕೈ ಬೀಸಿ ಬೀಸಿ ಹೇಳಿದರು. ಸಪನಾ ಮುಗುಳ್ನಗೆಯನ್ನು ಹೊತ್ತುಕೊಂಡು ಕೂತಿದ್ದಳು, ದವಡೆ ನೋಯುತ್ತಿತ್ತು. ಬೆರಳಿನ ಸದ್ದು, ಮರದ ಬಾಗಿಲು. ಅಗುಳಿ ಯಾವ ಕಡೆಗಿದೆ? ಎಷ್ಟೋ ಹೊತ್ತಿನ ಮೇಲೆ ಎದುರಿಗೆ ಎರಡು ಜಡೆ, ಬಿಳಿ ರಿಬ್ಬನ್ನು ಕಂಡವು.

ಪ್ರಾಜಕ್ತಾ ಕೈ ಬೀಸಲಿಲ್ಲ. ಕೈಗಳನ್ನು ಹಿಂದೆ ಕಟ್ಟಿಕೊಂಡು, ಅಂಗಡಿಗೆ ಹೋಗಿ ಬಂದವಳು ತಂದದ್ದನ್ನು ಒಪ್ಪಿಸುವ ಹಾಗೆ, ಮರಾಠಿಯಲ್ಲಿ ಹೇಳತೊಡಗಿದಳು.

'ನನ್ನ ಆಯಿ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಾಳೆ.'

ಹೌದು, ಎಂದುಕೊಂಡಳು ಸಪನಾ. ಯಾರೂ ಏಳದ ಹೊತ್ತಿನಲ್ಲಿ ಎದ್ದು ಶೆಡ್ಡಿಗೆ ಹೋಗುವವಳು ತಾನೇ. ಹುಡುಗಿ ಅದನ್ನು ಗಮನಿಸಿದ್ದಾಳೆ ಎಂದು ಕುರ್ಚಿಯಲ್ಲಿ ನೆಟ್ಟಗೆ ಕೂತಳು.

'ನನ್ನ ಆಯಿ ನನ್ನ ತಲೆ ಬಾಚುತ್ತಾಳೆ. ಬಾಚುವಾಗ ಕತೆ ಹೇಳುತ್ತಾಳೆ. ಅವಳ ಕತೆಯಲ್ಲಿ ನರಿ ಪ್ರತಿ ಸಲ ಸಾಯುತ್ತದೆ, ಆದರೆ ಪ್ರತಿ ಸಲ ಬೇರೆ ಥರ ಸಾಯುತ್ತದೆ.'

ಸಭೆ ನಕ್ಕಿತು. ಲೇಖಕಿಯ ಮಗಳು ನೋಡು, ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಸಪನಾ ಮಾತ್ರ, ನಾನು ನರಿಯ ಕತೆ ಯಾವಾಗ ಹೇಳಿದೆ ಎಂದು ಹುಡುಕುತ್ತಿದ್ದಳು. ನಿಜವಾಗಿಯೂ ಹುಡುಕಿದಳು, ಕಳೆದ ಮಳೆಗಾಲ, ಅದರ ಹಿಂದಿನ ಚಳಿಗಾಲ, ಜ್ವರ ಬಂದ ದಿನಗಳು. ಹಾಗೆ ಹುಡುಕುತ್ತಿರುವಾಗಲೇ ಉತ್ತರ ಸಿಕ್ಕಿತು. ಹುಡುಕುತ್ತಿದ್ದ ಜಾಗದಲ್ಲಿ ಅದು ಇರಲಿಲ್ಲ. ಕಟ್ಟೆಯ ಮೇಲಿತ್ತು.

'ನಾನು ಕರೆದರೆ ಆಯಿ ಓ ಅನ್ನುತ್ತಾಳೆ. ದೂರ ಇದ್ದರೂ ಓ ಅನ್ನುತ್ತಾಳೆ. ಆಯಿಯ ಬೆರಳಿಗೆ ಬೆಳಿಗ್ಗೆ ಮಶೇರಿಯ ವಾಸನೆ ಇರುತ್ತದೆ. ಅದೇ ಬೆರಳಿನಿಂದ ನನ್ನ ಕಣ್ಣಿಗೆ ಕಾಡಿಗೆ ಹಚ್ಚುತ್ತಾಳೆ. ನನಗೆ ಆ ವಾಸನೆ ಇಷ್ಟ.'

ಮಶೇರಿ ಎಂಬ ಮಾತು ಬಿದ್ದದ್ದೇ ಸಭೆ ಭೋರೆಂದು ನಕ್ಕಿತು. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿದಳು. ರೇಷ್ಮೆ ಉಟ್ಟು, ಶಾಲು ಹೊದ್ದು, ಗುಲಾಬಿ ಹಿಡಿದು ಕೂತ ಮುಖ್ಯ ಅತಿಥಿ ಹುರಿದ ತಂಬಾಕು ತಿಕ್ಕುತ್ತಾಳೆ! ಮರಾಠಿ ಕಲಿಸುವ ಶೀತಲ್ ಟೀಚರ್ ಬಾಗಿಲ ಬಳಿ ನಿಂತು ಎರಡೂ ಕೈ ಬಾಯಿಯ ಮೇಲೆ ಇಟ್ಟುಕೊಂಡಿದ್ದಳು. ತಾಲೀಮಿನಲ್ಲಿ ಆ ಸಾಲು ಇರಲಿಲ್ಲ ಎಂಬುದು ಆ ಮುಖ ನೋಡಿದರೆ ತಿಳಿಯುತ್ತಿತ್ತು. ಪ್ರಾಜಕ್ತಾ ನಗಲಿಲ್ಲ. ಯಾಕೆ ನಗುತ್ತಿದ್ದಾರೆಂದು ಅಳೆಯುವವಳಂತೆ ಸಾಲು ಸಾಲಾಗಿ ನೋಡಿ, ನಮಸ್ಕಾರ ಮಾಡಿ ಇಳಿದಳು.

ಸಪನಾಳಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಮರಾಠಿಯ ಆಯಿ ತಾಯಿ. ಮನೆಯ ಆಯಿ ಅಜ್ಜಿ. ಟೀಚರ್ ಒಂದು ಭಾಷೆಯಲ್ಲಿ ಕೇಳಿದ್ದಾಳೆ, ಹುಡುಗಿ ಇನ್ನೊಂದರಲ್ಲಿ ಕೇಳಿಸಿಕೊಂಡಿದ್ದಾಳೆ. ನಾಕಾದ ಈಚೆ ಆಚೆ ಒಂದೇ ಸದ್ದು, ಬೇರೆ ಹೆಂಗಸು. ಎದ್ದು ನಿಂತು ಅಷ್ಟನ್ನೇ ಹೇಳಿದರೆ ಸಾಕು: ಇದು ನಾನಲ್ಲ, ಇವಳ ಅಜ್ಜಿ, ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಅರ್ಧ ನಿಮಿಷದ ಮಾತು. ಆಗ ನಗು ಹುಡುಗಿಯ ಕಡೆಗೆ ತಿರುಗುತ್ತದೆ. ಅಯ್ಯೋ ಪಾಪ, ಆಯಿ ಅಂದರೆ ಯಾರೆಂದೇ ಗೊತ್ತಿಲ್ಲ. ಅದು ಒಂದು. ಇನ್ನೊಂದನ್ನು ಅವಳು ಎದ್ದು ಮೈಕಿನವರೆಗೆ ನಡೆಯುವಷ್ಟರಲ್ಲಿ ಕಂಡುಕೊಂಡಳು. ಹಾಗೆ ಹೇಳಿದ ಮೇಲೆ ಯಾರಾದರೂ ಕೇಳಿದರೆ? ಹಾಗಾದರೆ ನಿಮ್ಮ ಬಗ್ಗೆ ಏನು ಹೇಳುತ್ತಾಳೆ ಎಂದು?

ಬರೆದು ತಂದ ಭಾಷಣ ಚೀಲದಲ್ಲೇ ಉಳಿಯಿತು. 'ಮಶೇರಿ ಬಿಡಬೇಕು ಅಂತ ನಾನೂ ಎಷ್ಟೋ ದಿನದಿಂದ ಅಂದುಕೊಳ್ಳುತ್ತಿದ್ದೇನೆ' ಎಂದಳು ಸಪನಾ, ಮರಾಠಿಯಲ್ಲಿ. 'ಆದರೆ ಮಗಳಿಗೇ ಆ ವಾಸನೆ ಇಷ್ಟ ಅಂದರೆ ಹೇಗೆ ಬಿಡಲಿ?'

ಚಪ್ಪಾಳೆ ಬಿತ್ತು. ಸಭೆ ಈಗ ಅವಳನ್ನು ನೋಡಿ ನಗುತ್ತಿರಲಿಲ್ಲ, ಅವಳೊಂದಿಗೆ ನಗುತ್ತಿತ್ತು. ವರ್ಷಗಳಿಂದ ಆ ಹೆಂಗಸರು ಅವಳ ಕಡೆ ಹಾಗೆ ನೋಡಿರಲಿಲ್ಲ. ಅವಳು ಮುಂದುವರಿದಳು. ನರಿ ಯಾವ ಯಾವ ಥರ ಸಾಯುತ್ತದೆ ಎಂದು ಹೇಳಿದಳು. ಅಲ್ಲೇ ಕಟ್ಟಿದಳು, ಸರಾಗವಾಗಿ ಬಂತು. ಮುಂಜಾನೆಯಿಂದ ಹಾಳೆಯ ಮೇಲೆ ಬಾರದ ವಾಕ್ಯಗಳು ಬಾಯಿಗೆ ಸಾಲುಗಟ್ಟಿ ಬಂದವು. ಮಗಳ ಮಾನ ಉಳಿಸಲು ಹೇಳುತ್ತಿದ್ದೇನೆ ಎಂಬುದು ಮೊದಲ ವಾಕ್ಯದ ಮಟ್ಟಿಗೆ ನಿಜವಿತ್ತು. ಎರಡನೆಯ ವಾಕ್ಯದಿಂದ ಅವಳು ಹೇಳುತ್ತಿದ್ದದ್ದು ಆ ಹೆಂಗಸು ತಾನಾಗಿರಬೇಕೆಂಬ ಆಸೆಯಿಂದ. ಕರೆದರೆ ಓ ಅನ್ನುವ ಹೆಂಗಸು. ಮಕ್ಕಳ ಸಾಲಿನಲ್ಲಿ ಚಕ್ಕಳಮಕ್ಕಳ ಕೂತಿದ್ದ ಪ್ರಾಜಕ್ತಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಸಪನಾ ಆ ಕಡೆಗೆ ಒಂದು ಸಲ ನೋಡಿದಳು, ಆಮೇಲೆ ನೋಡಲಿಲ್ಲ.

ಮೊದಲ ಬಹುಮಾನ ಪ್ರಾಜಕ್ತಾಳಿಗೇ ಬಂತು, ಸ್ಟೀಲಿನ ಊಟದ ಡಬ್ಬಿ. ಚಹಾದ ಹೊತ್ತಿಗೆ ಶೀತಲ್ ಟೀಚರ್ ಹತ್ತಿರ ಬಂದು ಕನ್ನಡದಲ್ಲೇ, 'ಮಾಫ್ ಮಾಡ್ರಿ ಮ್ಯಾಡಮ್, ನಾ ಆ ಸಾಲು ಹೊಡದ ಹಾಕಿದ್ದೆ. ಹಲ್ಲಿನ ಪುಡಿ ಅನ್ನು ಅಂದಿದ್ದೆ. ಹುಡಿಗಿ ಕೇಳಲಿಲ್ರಿ' ಎಂದಳು. ಆಮೇಲೆ ದನಿ ತಗ್ಗಿಸಿ, 'ಖರೇ ಅಂದ್ರ ನಮ್ಮ ಮಮ್ಮಿನೂ ತಿಕ್ಕತಾರ್ರಿ. ನೀವು ಮಂದ್ಯಾಗ ಒಪ್ಪಿಕೊಂಡ್ರೆಲ್ಲಾ, ಭಾಳ ಧೈರ್ಯಾ' ಎಂದು ಕೈ ಹಿಡಿದಳು. ಆ ಕೈ ಬೆಚ್ಚಗಿತ್ತು, ನಿಜವಾಗಿತ್ತು. ಸಪನಾ ಅದನ್ನು ಎಷ್ಟು ಹೊತ್ತಿಗೆ ಬಿಡಬೇಕೆಂದು ತಿಳಿಯದೆ ಹಿಡಿದುಕೊಂಡು ನಿಂತಳು.

ಹಿಂತಿರುಗುವಾಗ ಪ್ರಾಜಕ್ತಾ ಸ್ಕೂಟಿಯ ಹಿಂದೆ ಕೂತಳು. ತಾಯಿಯ ಸೊಂಟ ಹಿಡಿಯಲಿಲ್ಲ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತ ರಸ್ತೆ. ಎರಡೆರಡು ಟ್ರೇಲರು, ಹಾಡು. ಹುಡುಗಿ ಬೀಳಬಾರದೆಂದು ಸಪನಾ ನಿಧಾನಕ್ಕೆ ಓಡಿಸಿದಳು. ಕನ್ನಡಿಯಲ್ಲಿ ಮುಖ ಕಾಣುತ್ತಿರಲಿಲ್ಲ, ಒಂದು ಜಡೆ ಕಾಣುತ್ತಿತ್ತು.

'ಪ್ರಾಜು, ಮರಾಠ್ಯಾಗ ಆಯಿ ಅಂದ್ರ ಯಾರ?'

'ಮಮ್ಮಿ.'

ಉತ್ತರ ತಡವಾಗಿ ಬರಲಿಲ್ಲ. ತಡವಾಗಿ ಬಂದಿದ್ದರೆ ಚೆನ್ನಾಗಿತ್ತು.

'ಗೊತ್ತಿತ್ತು ನಿನಗ?'

'ಎಲ್ಲಾರಿಗೂ ಗೊತ್ತಿರತೈತಿ.'

'ಮತ್ತ ನಮ್ಮ ಆಯಿದು ಯಾಕ ಹೇಳಿದಿ?'

ಟ್ರ್ಯಾಕ್ಟರೊಂದು ಹಾದುಹೋಗುವವರೆಗೆ ಹುಡುಗಿ ಕಾದಳು. 'ಟೀಚರ್ ಹೇಳಿದ್ರು, ಪುಸ್ತಕದಾಗಿಂದು ಹೇಳಬ್ಯಾಡ್ರಿ, ಮನ್ಯಾಗ ನೋಡಿದ್ದು ಹೇಳ್ರಿ ಅಂತ. ಹತ್ತ ಸಾಲ ಆಗಬೇಕಿತ್ತು. ಮೊದಲ ನಿಂದ ಮಾಡಿದ್ದೆ. ಎರಡ ಸಾಲ ಆತು. ಮುಂದ ಬರಲಿಲ್ಲ. ಅದಕ್ಕ ತಾಲೀಮಿನ್ಯಾಗ ಆಯಿದು ಹೇಳಿದೆ.'

ನಾಕಾದಲ್ಲಿ ಪೊಲೀಸನೊಬ್ಬ ಲಾರಿಯೊಂದನ್ನು ಬದಿಗೆ ಹಾಕಿಸುತ್ತಿದ್ದ. ಸ್ಕೂಟಿ ನಿಂತಿತು.

'ಯಾವ ಎರಡ ಸಾಲ?'

'ನನ್ನ ಮಮ್ಮಿ ಶೆಡ್ಡಿನ್ಯಾಗ ಕುಂತ ಬರೀತಾಳ. ಕರದರ ಒಂದ ನಿಮಿಷ ಅಂತಾಳ.' ಹುಡುಗಿ ಅದನ್ನು ವೇದಿಕೆಯ ಮೇಲೆ ಹೇಳಿದಷ್ಟೇ ಸಪಾಟಾಗಿ ಹೇಳಿದಳು. ಆಮೇಲೆ, 'ಮುಂಜಾನೆ ನಿಂದ ಹೇಳಿ ತೋರಿಸಿ ಕೇಳಾಕ ಬಂದಿದ್ದೆ, ಇನ್ನೊಂದ ಸಾಲ ಏನ್ ಹಾಕಲಿ ಅಂತ' ಎಂದಳು. ಲಾರಿ ಸರಿಯಿತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. 'ನಾ ಸುಳ್ಳ ಹೇಳಿಲ್ಲ ಮಮ್ಮಿ. ನೀ ಹೇಳಿದಿ.'

ಸಪನಾ ಗಾಡಿ ಬಿಟ್ಟಳು. ಎರಡೇ ಸಾಲು, ಒಂದೂ ವಿಶೇಷಣವಿಲ್ಲ. ಈ ವರ್ಷ ತಾನು ಬರೆದದ್ದರಲ್ಲಿ ಅಷ್ಟು ನೇರವಾದ ಎರಡು ಸಾಲು ಇಲ್ಲ ಎಂಬ ಯೋಚನೆ ನೋವಿಗಿಂತ ಮೊದಲೇ ಬಂತು. ನೋವು ಆಮೇಲೆ ಬಂತು, ಕಾಗವಾಡ ದಾಟಿದ ಮೇಲೆ, ಕೆಟ್ಟು ನಿಂತ ಪಂಪಿನ ಮನೆಯ ಹತ್ತಿರ. ಯಾವುದು ಮೊದಲು ಬಂತು ಎಂಬುದನ್ನು ಅವಳು ಮರೆಯಲಾರಳು. ಇನ್ಯಾರಿಗೂ ಗೊತ್ತಾಗುವ ಮಾತಲ್ಲ ಅದು. ಆದರೆ ಹಿಂದೆ ಕೂತವಳಿಗೆ ತನ್ನ ಬೆನ್ನು ನೋಡಿಯೇ ಗೊತ್ತಾಗಿರಬಹುದು ಎನಿಸಿತು.

ಮನೆಯ ಮುಂದೆ ಇಳಿದದ್ದೇ ಪ್ರಾಜಕ್ತಾ ಕಟ್ಟೆಗೆ ಓಡಿದಳು. 'ಆಯೀ, ನಿನ್ನ ಮಶೇರಿ ಹೇಳಿದೆ. ಎಲ್ಲಾರೂ ನಕ್ಕರು. ನೋಡ, ಡಬ್ಬಿ ಕೊಟ್ರು.'

'ಏ ಹುಚ್ಚಖೋಡಿ, ಮಂದ್ಯಾಗ ನನ್ನ ಮಾನಾ ಕಳದೇನ!' ಗಿರಿಜವ್ವ ಸೆರಗನ್ನು ಬಾಯಿಗೆ ಒಯ್ದಳು. ಕಣ್ಣು ನಗುತ್ತಿತ್ತು.

'ನಿನ್ನ ಮಾನಾ ಹೋಗಿಲ್ಲ. ಮಮ್ಮಿ ಅದ ತನ್ನದ ಅಂದ್ಲು.'

ಗಿರಿಜವ್ವ ಸೊಸೆಯನ್ನು ನೋಡಿದಳು. ಸೆರಗಿನ ಪಿನ್ನು, ಶಾಲು, ಬಾಡಿದ ಗುಲಾಬಿ. ಏನು ನಡೆದಿರಬೇಕೆಂದು ಅವಳು ಎಷ್ಟು ತಿಳಿದುಕೊಂಡಳೋ. ಹುಡುಗಿ ಡಬ್ಬಿ ತೊಳೆಯಲು ಒಳಗೆ ಹೋದ ಮೇಲೆ, ಸೊಂಟದಿಂದ ಚಪ್ಪಟೆ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಮುಂದೆ ಹಿಡಿದಳು. 'ಹಂಗಾರ ತಗೋವಾ, ಹಚ್ಚಕೋ. ಅಂದಮ್ಯಾಲ ತಿಕ್ಕಬೇಕಲ್ಲ.'

ಚೇಷ್ಟೆಗೆ ಅಂದದ್ದು. ಆದರೆ ಸಪನಾ ಕಟ್ಟೆಯ ಮೇಲೆ ಕೂತು, ಕಪ್ಪು ಪುಡಿಯನ್ನು ಚಿಟಿಕೆಯಲ್ಲಿ ತೆಗೆದುಕೊಂಡು ಹಲ್ಲಿಗೆ ತಿಕ್ಕಿದಳು. ಮೊದಲು ಸುಟ್ಟ ವಾಸನೆ, ಆಮೇಲೆ ಖಾರ, ಆಮೇಲೆ ತಲೆಯ ಹಿಂಭಾಗ ಹಗುರವಾಗಿ ಎದ್ದು ನಿಂತ ಹಾಗೆ. ಅಂಗಳ ಓರೆಯಾಯಿತು. ಅವಳು ಬಗ್ಗಿ ಉಗುಳಿದಳು, ಮತ್ತೆ ಉಗುಳಿದಳು, ರೇಷ್ಮೆಯ ಅಂಚಿನ ಮೇಲೂ ಬಿತ್ತು. ಗಿರಿಜವ್ವ ನೀರು ಹಾಕಿದಳು, ಬೆನ್ನ ಮೇಲೆ ಕೈಯಾಡಿಸಿದಳು. ನಗುತ್ತಿದ್ದಳು.

'ಆಕಿ ನಿಮ್ಮನ್ನ ತಾಯಿ ಅಂದಾಳ್ರಿ' ಎಂದಳು ಸಪನಾ, ಬಾಯಿ ಒರೆಸಿಕೊಳ್ಳುತ್ತ. 'ಬೇಕಂತನ ಅಂದಾಳ. ನಾ ಬರಕೋತ ಕುಂತೆ, ಆಕಿ ನಿಮ್ಮ ಕೈಗೆ ಹೋದ್ಲು.'

ಗಿರಿಜವ್ವ ಡಬ್ಬಿಯ ಮುಚ್ಚಳ ಒತ್ತಿದಳು. 'ಅಲ್ಲಿ ನೋಡ' ಎಂದು ಟ್ರ್ಯಾಕ್ಟರಿನ ಕಡೆ ಗದ್ದ ಎತ್ತಿದಳು. ಶಿವರಾಜ ಅದರ ಕೆಳಗೆ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. 'ಹಡದವಳು ನಾನು. ಇವತ್ತಿಗೂ ನನಗ ವೈನಿ ಅಂತಾನ. ನಾ ಏನ್ ಕತಿ ಬರಕೋತ ಕುಂತಿದ್ದೆನೇನ?' ಅದು ಬೈಗುಳವೋ ಸಮಾಧಾನವೋ ಎಂದು ಸಪನಾ ಅವಳ ಮುಖ ನೋಡಿದಳು. ಗಿರಿಜವ್ವ ಆಗಲೇ ಎದ್ದು, ನಿಂತ ನೀರನ್ನು ಕಸಬರಿಗೆಯಿಂದ ತಳ್ಳುತ್ತಿದ್ದಳು.

ಸೀರೆ ಬದಲಿಸಿ ಸಪನಾ ಶೆಡ್ಡಿಗೆ ಹೋದಳು. ಹೆಂಗಸರು ಮೇಲಿನ ಅಂತಸ್ತಿಗೆ ಹರವುತ್ತಿದ್ದರು. ಕೆಳಗಿನದು ಆಗಲೇ ಬಣ್ಣ ತಿರುಗುತ್ತಿತ್ತು, ಹಸಿರು ಹೋಗಿ ಹಳದಿ, ಅಂಚಿನಲ್ಲಿ ಸಣ್ಣ ಸುಕ್ಕು. ಅವಳ ಮೇಜಿನ ಮೇಲೂ ಯಾರೋ ಕ್ರೇಟು ಇಟ್ಟಿದ್ದರು. ಅವಳು ಕ್ರೇಟನ್ನು ಇಳಿಸಿ, ಕೂತು, ರಟ್ಟಿಗೆ ಸಿಕ್ಕಿಸಿದ ಹಾಳೆ ತೆಗೆದಳು. ಎರಡು ಸಾಲು ತಯಾರಾಗಿ ನಿಂತಿದ್ದವು. ಬರೆದರೆ ಕತೆ ಮುಗಿಯುತ್ತದೆ ಎಂಬುದು ಕೈಗೆ ಗೊತ್ತಿತ್ತು. ಬಾಗಿಲು ತೆರೆಯಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ಒಳಗಿನಿಂದ ಬರುವ ಮಾತೊಂದೇ ಸಾಕು. ಮೊದಲ ಸಾಲು ಬರೆದಳು. ಬಾಯಲ್ಲಿ ಇನ್ನೂ ಮಶೇರಿಯ ಕಹಿ ಇತ್ತು. ಎರಡನೆಯದನ್ನು ಬರೆಯಲು ಲೇಖನಿ ಊರಿದಾಗ, ಇದನ್ನೂ ಅವಳು ಓದಲಾರಳು ಎಂಬ ಹಳೆಯ ಧೈರ್ಯ ತನ್ನಷ್ಟಕ್ಕೆ ತಾನೇ ಎದ್ದು ಬಂತು. ಸಪನಾ ಲೇಖನಿಯ ಮುಚ್ಚಳ ಹಾಕಿದಳು. ಹತ್ತು ಸಾಲಿಗೆ ಎಂಟು ಕಡಿಮೆ ಇದ್ದವು. ಮುಂಜಾನೆ ಕೇಳಬೇಕಾಗಿದ್ದದ್ದನ್ನು ಈಗ ಕೇಳಬಹುದು. ಮೂರನೆಯ ಸಾಲು ಏನು ಹಾಕೋಣ ಎಂದು ಇಬ್ಬರೂ ಕೂತು ನೋಡಬಹುದು. ಅವಳು ಎದ್ದು, ಹಸಿರು ಬಲೆಯನ್ನು ಎತ್ತಿ, ಹೊರಗೆ ಬಂದಳು.

ಕಟ್ಟೆಯ ಮೇಲೆ ಗಿರಿಜವ್ವನ ಎರಡು ಮೊಳಕಾಲುಗಳ ನಡುವೆ ಪ್ರಾಜಕ್ತಾ ಕೂತಿದ್ದಳು. ಜಡೆ ಬಿಚ್ಚಿತ್ತು. ಕತೆಯಲ್ಲಿ ನರಿ ಬಾವಿಯ ಕಟ್ಟೆಯವರೆಗೆ ಬಂದಿತ್ತು.

'ಪ್ರಾಜೂ,' ಕರೆದಳು ಸಪನಾ.

ಹುಡುಗಿ ತಲೆ ಎತ್ತಲಿಲ್ಲ.

'ಒಂದ ನಿಮಿಷ, ಮಮ್ಮಿ.'

ಸಪನಾ ನಿಂತಳು. ಆ ಒಂದು ನಿಮಿಷದಲ್ಲಿ ಹೊರಗೆ ನಿಂತವರು ಏನು ಮಾಡುತ್ತಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ, ಎಂದೂ ನಿಂತಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಮಗಳ ಹಾಗೆ ಹಿಂದಕ್ಕೆ ಕಟ್ಟಿಕೊಂಡಳು. ಅತ್ತ ನರಿ ಬಾವಿಗೆ ಬಗ್ಗಿ ನೋಡಿತು.